ಷರತ್ತು ಮುರಿದನೆಂಬ ಆರೋಪವೊಂದೇ ಸಾಕೇ?

2017ರ ನವೆಂಬರ್ 6ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದ ನ್ಯಾಯಾಲಯವೊಂದರಲ್ಲಿ ಸರ್ಕಾರಿ ವಕೀಲರು ಜೈಲು ಬೇಡವೆಂದರು. ಷರತ್ತಿನ ಮೇಲೆ ಹೊರಗೆ ಬಿಟ್ಟವರ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿಯೂ ಜೈಲು ಬೇಡವೆಂದರು. ನ್ಯಾಯಾಧೀಶೆ ಜೆನೀಸ್ ಬ್ರಿಂಕ್ಲಿ ಇಬ್ಬರ ಮಾತನ್ನೂ ಬದಿಗಿಟ್ಟು ರ‍್ಯಾಪ್ ಗಾಯಕ ಮೀಕ್ ಮಿಲ್ ಅವರಿಗೆ ಎರಡರಿಂದ ನಾಲ್ಕು ವರ್ಷಗಳ ಸೆರೆವಾಸ ವಿಧಿಸಿದರು. ಮೂಲ ಪ್ರಕರಣ 2007ರದ್ದು. ಬಂದೂಕು ಮತ್ತು ಮಾದಕ ವಸ್ತುವಿನ ಆರೋಪದ ಮೇಲೆ ಬಂಧನವಾದಾಗ ಅವರಿಗೆ 19 ವರ್ಷ. ಅದರ ಜೈಲುವಾಸ ಮುಗಿದ ಮೇಲೂ ಪ್ರೊಬೇಷನ್ ಮುಗಿಯಲಿಲ್ಲ. ಷರತ್ತು ಮುರಿದರೆಂದು 2014ರಲ್ಲಿ ಮತ್ತೆ ಜೈಲು, 2016ರಲ್ಲಿ ಗೃಹಬಂಧನ. 2017ರಲ್ಲಿ ಅವರ ಮೇಲಿದ್ದ ದೂರುಗಳು ಇಷ್ಟು: ವಿಮಾನ ನಿಲ್ದಾಣದಲ್ಲಿ ಒಂದು ಜಗಳ, ನ್ಯೂಯಾರ್ಕ್‌ನ ಬೀದಿಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸಿದ್ದು, ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು, ಅನುಮತಿ ಇಲ್ಲದ ಪ್ರಯಾಣ. ಜಗಳದಲ್ಲಾಗಲಿ ಬೈಕಿನ ವಿಷಯದಲ್ಲಾಗಲಿ ಯಾವ ನ್ಯಾಯಾಲಯವೂ ಅವರನ್ನು ಅಪರಾಧಿ ಎಂದಿರಲಿಲ್ಲ.

ಐದು ತಿಂಗಳು ಒಳಗಿದ್ದ ಮೇಲೆ, 2018ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಜಾಮೀನು ಕೊಡಿಸಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂಲ ತೀರ್ಪನ್ನೇ ರದ್ದುಮಾಡಿತು. ಆ ತೀರ್ಪು ಯಾವ ಪೊಲೀಸ್ ಅಧಿಕಾರಿಯ ಸಾಕ್ಷ್ಯದ ಮೇಲೆ ನಿಂತಿತ್ತೋ, ಆತನ ಮಾತನ್ನೇ ನಂಬುವಂತಿರಲಿಲ್ಲ. ಕೊನೆಗೆ ಮಿಲ್ ಬಂದೂಕಿಗೆ ಸಂಬಂಧಿಸಿದ ಒಂದು ಸಣ್ಣ ಅಪರಾಧವನ್ನು ಮಾತ್ರ ಒಪ್ಪಿಕೊಂಡರು, ಹೆಚ್ಚಿನ ಶಿಕ್ಷೆಯಾಗಲಿಲ್ಲ. ನಿಲ್ಲದ ತೀರ್ಪೊಂದರ ಬಾಲ ಹಿಡಿದು ಒಬ್ಬ ಮನುಷ್ಯನನ್ನು ಹತ್ತು ವರ್ಷ ಕಾಡಲಾಯಿತು.

ಮಿಲ್ ಹೊರಬಂದದ್ದು ಅವರಿಗೆ ಹೆಸರಿತ್ತು, ಹಣವಿತ್ತು, ಬೀದಿಗಿಳಿಯುವ ಅಭಿಮಾನಿಗಳಿದ್ದರು ಎಂಬುದರಿಂದ. ಅಮೆರಿಕದಲ್ಲಿ ಪ್ರೊಬೇಷನ್ ಮೇಲಿರುವವರು ಸುಮಾರು 30 ಲಕ್ಷ ಜನ. ಅವರಲ್ಲಿ ಬಹುತೇಕರಿಗೆ ಇವು ಯಾವುವೂ ಇಲ್ಲ. ಅಲ್ಲಿನ ರಾಜ್ಯ ಸರ್ಕಾರಗಳ ಕೌನ್ಸಿಲ್‌ನ ನ್ಯಾಯ ಕೇಂದ್ರ 2019ರಲ್ಲಿ ಹೊರತಂದ ವರದಿಯಂತೆ, ರಾಜ್ಯದ ಜೈಲುಗಳಿಗೆ ಸೇರುವವರಲ್ಲಿ ಶೇ 45ರಷ್ಟು ಮಂದಿ ಪ್ರೊಬೇಷನ್ ಅಥವಾ ಪೆರೋಲ್ ಉಲ್ಲಂಘನೆಯ ಕಾರಣಕ್ಕೆ ಸೇರಿದವರು. ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು ಬರೀ ತಾಂತ್ರಿಕ ಉಲ್ಲಂಘನೆ: ಅಧಿಕಾರಿಯ ಭೇಟಿ ತಪ್ಪಿದ್ದು, ಮನೆ ಬದಲಿಸಿದ್ದನ್ನು ತಿಳಿಸದಿದ್ದದ್ದು, ಕರ್ಫ್ಯೂ ಮೀರಿದ್ದು, ಶುಲ್ಕ ಕಟ್ಟದಿದ್ದದ್ದು. ಹೊರಗಿನ ಯಾವ ಪ್ರಜೆ ಮಾಡಿದರೂ ಇವು ಅಪರಾಧವಲ್ಲ.

ಇಂಥ ಆರೋಪ ಬಂದವನಿಗೆ ಕಾನೂನಿನಲ್ಲಿ ಯಾವ ದಾರಿಗಳಿವೆ? ದಾರಿಗಳೇನೋ ಇವೆ. ಅವು ಕಳ್ಳತನದ ಆರೋಪ ಹೊತ್ತವನಿಗೆ ಇರುವುದಕ್ಕಿಂತ ಕಡಿಮೆ ಏಕೆ ಎಂಬುದೇ ನನ್ನ ತಕರಾರು.

ಹೊಸ ಅಪರಾಧದ ವಿಚಾರಣೆಯಲ್ಲಿ ಜ್ಯೂರಿ ಕೇಳಬಹುದು, ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕು, ವಕೀಲನಿಲ್ಲದವನಿಗೆ ಸರ್ಕಾರವೇ ವಕೀಲನನ್ನು ಕೊಡಬೇಕು. ಉಲ್ಲಂಘನೆಯ ವಿಚಾರಣೆಯಲ್ಲಿ ಜ್ಯೂರಿ ಇಲ್ಲ. ಹೆಚ್ಚಿನ ರಾಜ್ಯಗಳಲ್ಲಿ, ತಪ್ಪು ನಡೆದಿರುವ ಸಂಭವವೇ ಹೆಚ್ಚು ಎಂದು ನ್ಯಾಯಾಧೀಶರಿಗೆ ಅನಿಸಿದರೆ ಮುಗಿಯಿತು. ಯಾರೋ ಹೇಳಿದ್ದನ್ನು ಕೇಳಿದೆ ಎಂಬಂಥ ಸಾಕ್ಷ್ಯಕ್ಕೂ ಅಲ್ಲಿ ಹೆಚ್ಚು ಸಲುಗೆ. ವಕೀಲನ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1973ರ ಗ್ಯಾಗ್ನನ್ ವಿರುದ್ಧ ಸ್ಕಾರ್ಪೆಲಿ ಪ್ರಕರಣದಲ್ಲಿ ಅರ್ಧ ದಾರಿ ನಡೆದು ನಿಂತಿತು. ಆರೋಪವನ್ನು ಬರಹದಲ್ಲಿ ತಿಳಿಸಬೇಕು, ಸಾಕ್ಷ್ಯವನ್ನು ತೋರಿಸಬೇಕು, ಸರಿಯಾದ ಕಾರಣವಿಲ್ಲದೆ ಪಾಟೀಸವಾಲನ್ನು ತಡೆಯಬಾರದು, ಪ್ರಾಥಮಿಕ ಮತ್ತು ಅಂತಿಮ ಎಂದು ಎರಡು ವಿಚಾರಣೆ ನಡೆಸಬೇಕು ಎಂದಿತು. ಇಷ್ಟೆಲ್ಲ ಹೇಳಿ, ವಕೀಲ ಬೇಕೋ ಬೇಡವೋ ಎಂಬುದನ್ನು ಆಯಾ ಪ್ರಕರಣ ನೋಡಿ ತೀರ್ಮಾನಿಸಿ ಎಂದುಬಿಟ್ಟಿತು. ಪಾಟೀಸವಾಲಿನ ಹಕ್ಕು ಕೊಟ್ಟು ಅದನ್ನು ಮಾಡಬಲ್ಲವನನ್ನು ಕೊಡದಿದ್ದರೆ ಆ ಹಕ್ಕಿನಿಂದ ಪ್ರಯೋಜನವೇನು? ಪೆನ್ಸಿಲ್ವೇನಿಯಾ ಸೇರಿದಂತೆ ಹಲವು ರಾಜ್ಯಗಳು ತಮ್ಮ ನಿಯಮದಿಂದಲೇ ವಕೀಲರನ್ನು ಕೊಡುತ್ತವೆ ನಿಜ. ಆದರೆ ಸ್ವಾತಂತ್ರ್ಯದ ಪ್ರಶ್ನೆ ರಾಜ್ಯದ ಗಡಿ ದಾಟಿದಂತೆ ಬದಲಾಗಬಾರದು.

ವಕೀಲನಿದ್ದರೆ ಏನೇನು ಮಾಡಬಹುದು ನೋಡಿ. ಉಲ್ಲಂಘನೆ ನಡೆದೇ ಇಲ್ಲವೆಂದು ವಾದಿಸಬಹುದು. ನಡೆದಿದ್ದರೂ ಬೇಕೆಂದು ಮಾಡಿದ್ದಲ್ಲ ಎಂದು ಆಸ್ಪತ್ರೆಯ ಚೀಟಿ, ಕೆಲಸದ ಹಾಜರಿ ತೋರಿಸಬಹುದು. ಹೊಸ ಪ್ರಕರಣವೊಂದು ಬಾಕಿಯಿದ್ದರೆ, ಅದು ಮುಗಿಯುವವರೆಗೆ ಉಲ್ಲಂಘನೆಯ ವಿಚಾರಣೆಯನ್ನು ಮುಂದೂಡಿ ಎಂದು ಕೇಳಬಹುದು. ಇಲ್ಲಿ ಆಡಿದ ಮಾತು ಅಲ್ಲಿ ತಿರುಗುಬಾಣವಾಗದಂತೆ ನೋಡಿಕೊಳ್ಳುವುದು ಬಹಳ ಮುಖ್ಯ. ತಪ್ಪು ಸ್ಪಷ್ಟವಿದ್ದರೆ ಒಪ್ಪಿಕೊಂಡು, ಜೈಲಿನ ಬದಲು ಚಿಕಿತ್ಸೆಯನ್ನೋ ಸಮುದಾಯ ಸೇವೆಯನ್ನೋ ಬೇಡಬಹುದು. ಪಾಲಿಸಲಾಗದ ಷರತ್ತನ್ನು ಬದಲಿಸಿ ಎಂದು ಅರ್ಜಿ ಹಾಕಬಹುದು. ಸೋತರೆ ಮೇಲ್ಮನವಿ ಇದೆ. ಅದರಿಂದ ಫಲ ಸಿಕ್ಕ ಉದಾಹರಣೆಯೂ ಇದೆ. ಸಾಮಾಜಿಕ ಜಾಲತಾಣದಲ್ಲಿ ಬಂದೂಕು, ಮಾದಕ ವಸ್ತು, ಹಣದ ಚಿತ್ರ ಹಾಕಿದನೆಂದು ಒಬ್ಬನ ಪ್ರೊಬೇಷನ್ ರದ್ದಾಗಿತ್ತು. 2019ರಲ್ಲಿ ಫಾಸ್ಟರ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಆದೇಶವನ್ನು ತಳ್ಳಿಹಾಕಿ, ಯಾವ ನಿರ್ದಿಷ್ಟ ಷರತ್ತು ಮುರಿದಿದೆ ಅಥವಾ ಯಾವ ಹೊಸ ಅಪರಾಧ ನಡೆದಿದೆ ಎಂದು ಮೊದಲು ಕಂಡುಕೊಳ್ಳಬೇಕು ಎಂದಿತು. ಇಷ್ಟು ಸರಳವಾದ ಮಾತನ್ನು ಹೇಳಿಸಿಕೊಳ್ಳಲು ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಅದಕ್ಕಿಂತ ಕ್ರೂರವಾದದ್ದು ಹಣದ ಷರತ್ತು. ಜಾರ್ಜಿಯಾದ ಬಿಯರ್ಡನ್ ಪ್ರಕರಣ ಇದಕ್ಕೆ ಸಾಕ್ಷಿ. 500 ಡಾಲರ್ ದಂಡ, 250 ಡಾಲರ್ ಪರಿಹಾರ ಕಟ್ಟಬೇಕೆಂಬ ಷರತ್ತಿನ ಮೇಲೆ ಆ ಮನುಷ್ಯನನ್ನು ಬಿಡಲಾಗಿತ್ತು. ಅಪ್ಪ ಅಮ್ಮನಿಂದ ಸಾಲ ಪಡೆದು 200 ಡಾಲರ್ ಕಟ್ಟಿದ. ಆಮೇಲೆ ಕೆಲಸ ಹೋಯಿತು. ಓದು ಬರಹ ಬಾರದವನಿಗೆ ಬೇರೆ ಕೆಲಸ ಸಿಗಲಿಲ್ಲ. ಉಳಿದ 550 ಡಾಲರ್ ಕಟ್ಟಲಿಲ್ಲವೆಂದು ಜೈಲಿಗೆ ಹಾಕಿದರು. 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಯಾಕೆ ಕಟ್ಟಲಿಲ್ಲವೆಂದು ವಿಚಾರಿಸದೆ ಸೆರೆಗೆ ಹಾಕುವಂತಿಲ್ಲ, ಪ್ರಾಮಾಣಿಕವಾಗಿ ಪ್ರಯತ್ನಿಸಿದವನಿಗೆ ಬೇರೆ ಶಿಕ್ಷೆ ಸಾಲದೇ ಎಂದು ನೋಡಲೇಬೇಕು ಎಂದು ತೀರ್ಪಿತ್ತಿತು. ಒಳ್ಳೆಯ ತೀರ್ಪು. ಆದರೆ ಬಡವನಿಗೆ ಅದು ಒದಗಬೇಕಾದರೆ ಆ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಎತ್ತುವ ಒಬ್ಬ ವಕೀಲ ಬೇಕು. ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಪ್ರೊಬೇಷನ್ ಎಂಬುದು ಕೃಪೆ, ಅಪರಾಧ ಸಾಬೀತಾಗಿದ್ದರೂ ಹೊರಗೆ ಬಿಟ್ಟಿದ್ದೇವೆ, ಷರತ್ತಿಗೆ ಅವನೇ ಸಹಿ ಹಾಕಿದ್ದಾನೆ ಎನ್ನುವವರಿದ್ದಾರೆ. ಈ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಸಂತ್ರಸ್ತರ ಮನೆಯವರು ಕೇಳುವುದೂ ಇದನ್ನೇ. ಆದರೆ ಜೈಲೋ ಸಹಿಯೋ ಎಂದು ಮುಂದಿಟ್ಟಾಗ ಬಿದ್ದ ಸಹಿಯನ್ನು ಒಪ್ಪಂದ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಒಳಗೆ ಹಾಕಿದವನು ಸಂತ್ರಸ್ತರಿಗೆ ಪರಿಹಾರ ಕಟ್ಟುವುದಾದರೂ ಹೇಗೆ? ಕೆಲಸ ಹೋಗುತ್ತದೆ, ಬಾಡಿಗೆ ಮನೆ ಹೋಗುತ್ತದೆ, ಮಕ್ಕಳು ಯಾರದೋ ಆಸರೆಗೆ ಹೋಗುತ್ತಾರೆ. 1841ರಲ್ಲಿ ಬಾಸ್ಟನ್‌ನಲ್ಲಿ ಬೂಟು ಹೊಲಿಯುತ್ತಿದ್ದ ಜಾನ್ ಆಗಸ್ಟಸ್ ಎಂಬಾತ ಒಬ್ಬ ಕುಡುಕನಿಗೆ ಜಾಮೀನು ನಿಂತು, ಅವನನ್ನು ಸರಿದಾರಿಗೆ ತಂದು ನ್ಯಾಯಾಲಯದ ಮುಂದೆ ನಿಲ್ಲಿಸಿದ್ದರಿಂದ ಈ ಪದ್ಧತಿ ಬೆಳೆಯಿತು. ಜೈಲು ತಪ್ಪಿಸಲು ಹುಟ್ಟಿದ್ದು ಈಗ ಜೈಲು ತುಂಬಿಸುತ್ತಿದೆ.

ನಮ್ಮ ದೇಶದ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಈ ಒಂದು ವಿಷಯದಲ್ಲಿ ಹೆಚ್ಚು ವಿವೇಕದ್ದು. ಮುಚ್ಚಳಿಕೆಯ ಷರತ್ತು ಮುರಿದರೆ ಏನು ಎಂಬುದು ಅದರ 9ನೇ ಕಲಮಿನಲ್ಲಿದೆ. ನ್ಯಾಯಾಲಯ ವಿಚಾರಣೆ ನಡೆಸಿ ಮೂಲ ಅಪರಾಧಕ್ಕೆ ಶಿಕ್ಷೆ ಕೊಡಬಹುದು. ಆದರೆ ಮೊದಲ ಸಲದ ತಪ್ಪಾಗಿದ್ದರೆ ಮುಚ್ಚಳಿಕೆಯನ್ನು ಹಾಗೇ ಮುಂದುವರಿಸಿ 50 ರೂಪಾಯಿ ಮೀರದ ದಂಡ ಹಾಕಿ ಬಿಡಬಹುದು. ವಿಚಾರಣೆ ಮುಗಿಯುವವರೆಗೆ ಜಾಮೀನಿಗೂ ಅವಕಾಶವಿದೆ. ಮನುಷ್ಯ ಒಮ್ಮೆ ಎಡವುತ್ತಾನೆ ಎಂಬ ತಿಳಿವಳಿಕೆ ಆ ಕಲಮಿನಲ್ಲಿದೆ. ನಮ್ಮ ನ್ಯಾಯಾಲಯಗಳು ಈ ಕಾಯ್ದೆಯನ್ನು ಬಳಸುವುದೇ ಕಡಿಮೆ ಎಂಬುದು ಬೇರೆ ನೋವು.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಇದು ದೂರದ ವಿಷಯವಲ್ಲ. ಪೌರತ್ವ ಸಿಗದವರಿಗೆ ಉಲ್ಲಂಘನೆಯ ಆರೋಪ ಜೈಲಿಗಿಂತ ದೊಡ್ಡ ಅಪಾಯ ತರಬಹುದು. ಕಳ್ಳತನ, ಹಿಂಸೆಯಂಥ ಅಪರಾಧಗಳಲ್ಲಿ ಒಂದು ವರ್ಷ ಅಥವಾ ಹೆಚ್ಚಿನ ಸೆರೆವಾಸ ವಿಧಿಸಲ್ಪಟ್ಟರೆ ವಲಸೆ ಕಾನೂನು ಅದನ್ನು ಗಡೀಪಾರಿಗೆ ದಾರಿಮಾಡುವ ಘೋರ ಅಪರಾಧದ ವರ್ಗಕ್ಕೆ ಸೇರಿಸುತ್ತದೆ. ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿದ್ದರೂ ಲೆಕ್ಕಕ್ಕೆ ಬರುತ್ತದೆ. ಬರೀ ಪ್ರೊಬೇಷನ್ ಇದ್ದವನ ಪ್ರಕರಣ, ಅದು ರದ್ದಾಗಿ ಒಂದು ವರ್ಷದ ಶಿಕ್ಷೆ ಬಿದ್ದ ದಿನ ಆ ವರ್ಗಕ್ಕೆ ಜಾರಬಹುದು. ತಪ್ಪೊಪ್ಪಿಗೆಗೆ ಮೊದಲು ಗಡೀಪಾರಿನ ಅಪಾಯವನ್ನು ವಕೀಲ ತಿಳಿಸಲೇಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರ ಪಡಿಯಾ ಪ್ರಕರಣದಲ್ಲಿ ಹೇಳಿದೆ. ವಕೀಲನೇ ಇಲ್ಲದ ಉಲ್ಲಂಘನೆಯ ವಿಚಾರಣೆಯಲ್ಲಿ ‘ಹೌದು, ತಪ್ಪಾಯಿತು’ ಎನ್ನುವವನಿಗೆ ಅದನ್ನು ತಿಳಿಸುವವರು ಯಾರು? ಅಂಥ ನೋಟಿಸು ಬಂದವರು ನಾಚಿಕೆಗೆ ಮುಚ್ಚಿಟ್ಟುಕೊಂಡು ಒಬ್ಬರೇ ನ್ಯಾಯಾಲಯಕ್ಕೆ ಹೋಗಬಾರದು. ಕ್ರಿಮಿನಲ್ ವಕೀಲರ ಜೊತೆ ವಲಸೆ ವಕೀಲರನ್ನೂ ಕಾಣಬೇಕು.

ಬದಲಾವಣೆ ಅಸಾಧ್ಯವೇನಲ್ಲ. 2021ರ ಜನವರಿಯಿಂದ ಕ್ಯಾಲಿಫೋರ್ನಿಯಾ ಬಹುತೇಕ ಸಣ್ಣ ಅಪರಾಧಗಳ ಪ್ರೊಬೇಷನ್ನನ್ನು ಒಂದು ವರ್ಷಕ್ಕೆ, ದೊಡ್ಡವುಗಳದ್ದನ್ನು ಎರಡು ವರ್ಷಕ್ಕೆ ಇಳಿಸಿತು. ಮಿಲ್ ಪ್ರಕರಣ ಎಬ್ಬಿಸಿದ ಗದ್ದಲದ ನಂತರ ಪೆನ್ಸಿಲ್ವೇನಿಯಾ 2023ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ತಂದಿತು: ತಾಂತ್ರಿಕ ಉಲ್ಲಂಘನೆಗೆ ಸೆರೆ ವಿಧಿಸಲೇಬೇಕಾದರೆ ಸಾಮಾನ್ಯವಾಗಿ ಮೊದಲ ಸಲ 14 ದಿನ, ಎರಡನೇ ಸಲ 30 ದಿನ ಮೀರುವಂತಿಲ್ಲ. ಅದಕ್ಕೆ ವಿನಾಯಿತಿಗಳ ಪಟ್ಟಿ ಉದ್ದವಿದೆ, ಮೂರನೇ ಸಲಕ್ಕೆ ಅಂಥ ಮಿತಿಯೇ ಇಲ್ಲ. ಭೇಟಿ ತಪ್ಪಿಸಿದ್ದಕ್ಕೆ ಒಂದು ದಿನದ ಜೈಲೂ ಸಲ್ಲದು ಎಂಬುದು ನನ್ನ ನಿಲುವು. ಅದಕ್ಕೂ ಮೊದಲು ಆಗಬೇಕಾದದ್ದು ಇನ್ನೊಂದಿದೆ. ಉಲ್ಲಂಘನೆಯ ಆರೋಪ ಬಂದ ಕೂಡಲೇ ಜಾಮೀನಿಲ್ಲದೆ ಹಿಡಿದಿಟ್ಟು, ವಾರಗಳ ನಂತರ ವಿಚಾರಣೆ ನಡೆಸುವ ಪದ್ಧತಿ ಅನೇಕ ಕಡೆ ಇದೆ. ಹೊರಗಿದ್ದರೆ ಇವನಿಂದ ಯಾರಿಗೆ ಯಾವ ಅಪಾಯ ಎಂದು ಎರಡು ಮೂರು ದಿನಗಳೊಳಗೆ, ಅವನ ವಕೀಲನ ಎದುರಿನಲ್ಲಿ, ನ್ಯಾಯಾಧೀಶರಿಗೆ ತೋರಿಸುವ ಹೊಣೆ ಸರ್ಕಾರದ್ದಾಗಬೇಕು. ತೋರಿಸಲಾಗದಿದ್ದರೆ ಅವನನ್ನು ಅಂದೇ ಮನೆಗೆ ಕಳಿಸಬೇಕು.