99 ಪರ್ಸೆಂಟಿನ ಪ್ರಾಜೆಕ್ಟುಗಳು

ಎಂಜಿನಿಯರಿಂಗ್ ಕೊನೇ ವರ್ಷದ ಹುಡುಗರನ್ನ "ಸೆಕ್ಯುರಿಟೀಲಿ ಪ್ರಾಜೆಕ್ಟ್ ಏನಪ್ಪಾ?" ಅಂತ ಕೇಳಿ ನೋಡಿ. "ಮಷೀನ್ ಲರ್ನಿಂಗ್ ಬಳಸಿ ಇಂಟ್ರೂಶನ್ ಡಿಟೆಕ್ಷನ್ ಸಾರ್, ಅಕ್ಯುರಸಿ 99 ಪರ್ಸೆಂಟ್!" ಗೈಡಿಗೂ ಖುಷಿ, ಎಕ್ಸ್‌ಟರ್ನಲ್ಲಿಗೂ ಖುಷಿ, ಕೋಡು ಮಾರಿದ ಪ್ರಾಜೆಕ್ಟ್ ಸೆಂಟರಿನವನಿಗಂತೂ ಇನ್ನೂ ಖುಷಿ.

ಈ 99ರ ಗುಟ್ಟೇನು ಗೊತ್ತಾ? ಅದೇ ಹಳೇ ಕೆಡಿಡಿ-99 ಡೇಟಾ. 1998ರಲ್ಲಿ ಅಮೆರಿಕದ ಲಿಂಕನ್ ಲ್ಯಾಬೊರೇಟರಿಯವರು ಪ್ರಯೋಗಕ್ಕೆಂದು ಕೃತಕವಾಗಿ ಹುಟ್ಟಿಸಿದ ನೆಟ್‌ವರ್ಕ್ ಟ್ರಾಫಿಕ್ಕಿನಿಂದ ಮಾಡಿದ್ದು. ಅದರ ತರಬೇತಿ ದಾಖಲೆಗಳಲ್ಲಿ ಸುಮಾರು 78 ಪರ್ಸೆಂಟು ಬರೀ ಪುನರಾವರ್ತನೆ ಅಂತ 2009ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಪ್ರಶ್ನೆಪತ್ರಿಕೆ ಮೊದಲೇ ಬಾಯಿಪಾಠ ಆಗಿದ್ರೆ ಯಾರಿಗೆ ಬರಲ್ಲ ಸ್ವಾಮಿ ಮಾರ್ಕ್ಸು?

"ನಮಗೆ ಬೇರೆ ಡೇಟಾ ಯಾರು ಕೊಡ್ತಾರೆ?" ಅಂತಾರೆ. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಕಾಲೇಜಿನವರೂ ಹೀಗಂದ್ರೆ ನಗು ಬರುತ್ತೆ. ಅಲ್ಲಿನ ಕಂಪನಿಗಳ ಗೇಟು ತೆರೆಯಲ್ಲ, ಒಪ್ಪಿದೆ. ಆದ್ರೆ ಅದೇ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬೆಂಗಳೂರಿನಲ್ಲಿ 2018ರಲ್ಲಿ ಮೋಸಿಪ್ ಶುರುವಾಯ್ತು. ಒಂದು ದೇಶ ತನ್ನ ಜನರಿಗೆ ಗುರುತಿನ ಸಂಖ್ಯೆ ಕೊಡೋಕೆ ಬೇಕಾದ ಸಾಫ್ಟ್‌ವೇರು ಅದು. ಫಿಲಿಪ್ಪೀನ್ಸ್ ದೇಶ ಅದನ್ನ ಬಳಸ್ತಿದೆ. ಕೋಡೆಲ್ಲಾ ಓಪನ್ ಸೋರ್ಸು, ಗೇಟ್ ಪಾಸ್ ಬೇಡ. ಅದರ ಒಂದು ಭಾಗ ಇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ನೋಂದಣಿ ಮಾಡೋ ಆಪರೇಟರೇ ಮೋಸ ಮಾಡಿದ್ರೆ ಎಲ್ಲಿ ಸಿಕ್ಕಿಬೀಳ್ತಾನೆ? ಸಾಕು, ಇಡೀ ಸೆಮಿಸ್ಟರಿನ ಕೆಲಸ.

ಅದು ದೊಡ್ಡದಾಯ್ತು ಅನ್ನಿಸಿದ್ರೆ ಇನ್ನೂ ಹತ್ತಿರದ್ದು ಹೇಳ್ತೀನಿ. 2023ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯ್ತು? ಕಾವೇರಿ ಪೋರ್ಟಲಿನಿಂದ ಪಡೆದ ಆಸ್ತಿ ಪತ್ರಗಳಲ್ಲಿದ್ದ ಹೆಬ್ಬೆಟ್ಟನ್ನೂ ಆಧಾರ್ ನಂಬರನ್ನೂ ಬಳಸಿ ಕಳ್ಳರು ಜನರ ಬ್ಯಾಂಕ್ ಖಾತೆಗೇ ಕನ್ನ ಹಾಕಿದ್ರು. ಓಟಿಪಿ ಇಲ್ಲ, ಪಿನ್ ಇಲ್ಲ! ಇಲ್ಲಿದೆ ನೋಡಿ ನಿಮ್ಮ ಪ್ರಾಜೆಕ್ಟು: ಸ್ಕ್ಯಾನ್ ಮಾಡಿದ ಕನ್ನಡ ಕ್ರಯಪತ್ರದಲ್ಲಿ ಹೆಬ್ಬೆಟ್ಟು ಎಲ್ಲಿದೆ, ಆಧಾರ್ ನಂಬರ್ ಎಲ್ಲಿದೆ ಅಂತ ಹುಡುಕಿ ಮುಚ್ಚೋ ಪ್ರೋಗ್ರಾಮು. ನಂಬರು 4567 ಅಂತಿದ್ರೂ ಹಿಡೀಬೇಕು, ೪೫೬೭ ಅಂತಿದ್ರೂ ಹಿಡೀಬೇಕು. ಯಾರ ಡೇಟಾನೂ ಬೇಡ, ಸುಳ್ಳು ಹೆಸರಿನ ಇನ್ನೂರು ಪುಟ ನೀವೇ ತಯಾರಿಸಿ. ಎಷ್ಟು ತಪ್ಪಿಹೋಯ್ತು, ಯಾಕೆ ತಪ್ಪಿಹೋಯ್ತು ಅಂತ ಬರೀರಿ. ಇಂಥದ್ರಲ್ಲಿ ಬಂದ 80 ಪರ್ಸೆಂಟು ಆ 99ಕ್ಕಿಂತ ದೊಡ್ಡದು.

ಒಂದು ಎಚ್ಚರಿಕೆ. ಉತ್ಸಾಹದಲ್ಲಿ ಸರ್ಕಾರದ್ದೋ ಕಂಪನಿಯದ್ದೋ ಸರ್ವರಿಗೆ ಕೈ ಹಾಕೋಕೆ ಹೋಗಬೇಡಿ. ಐಟಿ ಕಾಯ್ದೆಯ 66ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. "ಪ್ರಾಜೆಕ್ಟ್ ಸಾರ್" ಅಂದ್ರೆ ಪೊಲೀಸರು ಮಾರ್ಕ್ಸ್ ಕೊಡಲ್ಲ. ಏನಿದ್ರೂ ನಿಮ್ಮದೇ ಮಷೀನಿನಲ್ಲಿ ಮಾಡಿ.

ಹುಡುಗರನ್ನಷ್ಟೇ ಬೈದು ಪ್ರಯೋಜನ ಇಲ್ಲ. ಪ್ರತಿ ವರ್ಷ ಅದೇ ಟೈಟಲ್ಲಿಗೆ ಸೈನ್ ಹಾಕೋ ಗೈಡುಗಳೇ, ಟಾಪಿಕ್ ಒಪ್ಪೋ ಮುಂಚೆ ಎರಡು ಪ್ರಶ್ನೆ ಕೇಳಿ: ಇದರಿಂದ ಯಾರ ನಷ್ಟ ತಪ್ಪುತ್ತೆ? ಕಳ್ಳನ ಕೈಲಿ ಏನೇನಾಗುತ್ತೆ ಅಂದುಕೊಂಡಿದ್ದೀಯ? ಉತ್ತರ ಬರದಿದ್ರೆ ವಾಪಸ್ ಕಳಿಸಿ.

ಯಾಕಂದ್ರೆ ನಾಳೆ ನಮ್ಮಪ್ಪನ ಪಹಣಿ, ನಿಮ್ಮಮ್ಮನ ಪೆನ್ಶನ್ನು ಕಾಯೋ ಕೋಡು ಬರೆಯೋರು ಇದೇ ಹುಡುಗರು. ಏನಂತೀರಿ?