ಪಾಳಿ ಮುಗಿದ ಮೇಲಿನ ಓದು

ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆ ಸೇರುವ ದಾದಿಯೊಬ್ಬಳಿಗೆ ಮುಂದೆ ಓದಬೇಕೆಂಬ ಆಸೆ ಹುಟ್ಟಿದರೆ ನಮ್ಮ ವ್ಯವಸ್ಥೆ ಅವಳ ಮುಂದೆ ಎರಡೇ ದಾರಿಗಳನ್ನು ಇಡುತ್ತದೆ. ಒಂದೋ ಅವಳು ಕೆಲಸ ಬಿಡಬೇಕು, ಇಲ್ಲವೇ ಆಸೆಯನ್ನು ಬಿಡಬೇಕು. ಅವಳ ಸಂಬಳದಿಂದಲೇ ತಮ್ಮನ ಶಾಲಾ ಶುಲ್ಕವೂ ತಂದೆಯ ಔಷಧಿಯೂ ನಡೆಯುತ್ತಿರುವಾಗ ಅವಳು ಯಾವುದನ್ನು ಬಿಡುತ್ತಾಳೆಂದು ಬೇರೆ ಹೇಳಬೇಕಾಗಿಲ್ಲ. ಪಟ್ಟಣಗಳ ಮುಸ್ಲಿಮ್ ಕುಟುಂಬಗಳಿಂದ ಶುಶ್ರೂಷೆ, ಪ್ರಯೋಗಾಲಯ, ಆಪ್ತಸಮಾಲೋಚನೆ, ಸಮಾಜಕಾರ್ಯ ಮುಂತಾದ ವೃತ್ತಿಗಳಿಗೆ ಬರುತ್ತಿರುವ ಹೆಣ್ಣು ಮಕ್ಕಳು ಇಂದು ಎದ್ದು ಕಾಣುತ್ತಿದ್ದಾರೆ. ಅವರ ಮೊದಲ ಪದವಿಯ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಎರಡನೆಯದರ ಬಗ್ಗೆ ಬಹುತೇಕ ಮೌನವಾಗಿದ್ದೇವೆ.

ಈ ಮಾತು ಈಗ ಬರಲು ಕಾರಣವಿದೆ. 2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಒಂದು ನಿರ್ದೇಶನವನ್ನು ಪ್ರಕಟಿಸಿತು. ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯಿದೆಯ ವ್ಯಾಪ್ತಿಗೆ ಬರುವ ಯಾವ ವಿಷಯವನ್ನೂ ಆ ವರ್ಷದ ಜುಲೈ-ಆಗಸ್ಟ್ ಅವಧಿಯಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ವಿಧಾನದಲ್ಲಿ ಬೋಧಿಸುವಂತಿಲ್ಲ ಎಂಬುದು ಅದರ ಸಾರ. ಮನಶ್ಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಆಹಾರ ಮತ್ತು ಪೋಷಣೆ, ಜೈವಿಕ ತಂತ್ರಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಇವೆಲ್ಲ ಆ ಪಟ್ಟಿಯಲ್ಲಿದ್ದವು. ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿಗಳಿಗೆ 2020ರ ನಿಯಮಾವಳಿಯೇ ಬಾಗಿಲು ಮುಚ್ಚಿತ್ತು. ಕೆಲಸದಲ್ಲಿರುವ ದಾದಿಯೋ ಆಪ್ತಸಮಾಲೋಚಕಿಯೋ ಮನೆಯಲ್ಲಿ ಕುಳಿತು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿಕೊಳ್ಳುತ್ತಿದ್ದ ಕಿಟಕಿಯೂ ಈಗ ಮುಚ್ಚಿತು. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಕೂಡಾ 2021ರ ಕಾಯಿದೆಯ ಅನುಸೂಚಿಯಲ್ಲಿ ಇದ್ದಾರೆಂಬುದನ್ನು ಮರೆಯಬಾರದು. ಆ ಕ್ಷೇತ್ರದವರ ಆತಂಕ ಅಕಾರಣವಲ್ಲ.

ನಿರ್ಬಂಧದ ಹಿಂದಿನ ಕಳವಳವನ್ನು ನಾವು ತಳ್ಳಿಹಾಕುವುದಿಲ್ಲ. ರಕ್ತನಾಳ ಹುಡುಕುವುದನ್ನು ಪರದೆಯ ಮೇಲೆ ಕಲಿಯಲಾಗದು. ಆತ್ಮಹತ್ಯೆಯ ಅಂಚಿನಲ್ಲಿ ನಿಂತವನ ಎದುರು ಕುಳಿತುಕೊಳ್ಳುವ ಬಗೆಯೂ ಮುದ್ರಿತ ಪಾಠದಿಂದ ಬರುವುದಿಲ್ಲ. ಅಂಚೆಯಲ್ಲಿ ಬಂದ ಎಂ.ಎ. ಪ್ರಮಾಣಪತ್ರವನ್ನು ಗೋಡೆಗೆ ತೂಗು ಹಾಕಿ ತಮ್ಮನ್ನು ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಕರೆದುಕೊಳ್ಳುವವರು ಇದ್ದಾರೆ. ಆ ಹೆಸರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕೆಂಬುದು ರೋಗಿಗಳಿಗೆ ತಿಳಿದಿರುವುದಿಲ್ಲ. ದೂರಶಿಕ್ಷಣದ ಹೆಸರಿನಲ್ಲಿ ಊರೂರಿಗೆ ಕೇಂದ್ರಗಳು ತಲೆಯೆತ್ತಿದ್ದ ಕಾಲವನ್ನು ಕರ್ನಾಟಕವು ಚೆನ್ನಾಗಿಯೇ ಬಲ್ಲದು. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು 2015ರಲ್ಲಿ ಹಿಂಪಡೆದು 2018ರಲ್ಲಿ ಮರಳಿ ನೀಡುವ ವರೆಗಿನ ಅವಧಿಯಲ್ಲಿ ಅತಂತ್ರರಾದವರು ವಿದ್ಯಾರ್ಥಿಗಳೇ ಹೊರತು ಇನ್ನಾರೂ ಅಲ್ಲ.

ಆದರೆ ಇಲ್ಲೊಂದು ವ್ಯತ್ಯಾಸವನ್ನು ಆಯೋಗವು ಗಮನಿಸಿದಂತೆ ಕಾಣುವುದಿಲ್ಲ. ಪಿ.ಯು.ಸಿ. ಮುಗಿಸಿದ ಹುಡುಗನೊಬ್ಬ ರೋಗಿಯ ಮುಖವನ್ನೇ ನೋಡದೆ ಪದವಿ ಪಡೆಯುವುದು ಒಂದು ವಿಷಯ. ಹತ್ತು ವರ್ಷ ವಾರ್ಡಿನಲ್ಲಿ ದುಡಿದ ನೋಂದಾಯಿತ ದಾದಿ ತನ್ನ ಅನುಭವಕ್ಕೆ ಸಿದ್ಧಾಂತದ ಬೆಂಬಲವನ್ನು ಹುಡುಕುವುದು ಇನ್ನೊಂದು ವಿಷಯ. ಮೊದಲನೆಯವನಿಗೆ ಇಲ್ಲದಿರುವುದು ಆಸ್ಪತ್ರೆ. ಎರಡನೆಯವಳು ಆಸ್ಪತ್ರೆಯೊಳಗೇ ಇದ್ದಾಳೆ, ಅವಳಿಗೆ ಇಲ್ಲದಿರುವುದು ಸಮಯ. ಇಬ್ಬರಿಗೂ ಒಂದೇ ಬೀಗ ಹಾಕುವುದು ಯಾವ ನ್ಯಾಯ?

ಸರಕಾರಕ್ಕೆ ಈ ವ್ಯತ್ಯಾಸ ತಿಳಿಯದ್ದೇನಲ್ಲ. ಆಯುಷ್ಮಾನ್ ಭಾರತ್ ಯೋಜನೆಯಡಿ 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಪರಿವರ್ತಿಸಲು ಹೊರಟಾಗ ಅಲ್ಲಿಗೆ ಸಮುದಾಯ ಆರೋಗ್ಯಾಧಿಕಾರಿಗಳು ಬೇಕಾದರು. ಆಗ ದಾದಿಯರಿಗಾಗಿ ಆರು ತಿಂಗಳ ಸೇತುಬಂಧ ತರಬೇತಿಯನ್ನು ನಡೆಸಲು ಆಯ್ದುಕೊಂಡದ್ದು ಯಾವ ಸಂಸ್ಥೆಯನ್ನು? ದೇಶದ ಅತಿ ದೊಡ್ಡ ದೂರಶಿಕ್ಷಣ ಸಂಸ್ಥೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವನ್ನು. ಪಠ್ಯ ವಿಶ್ವವಿದ್ಯಾಲಯದ್ದು, ಪ್ರಾಯೋಗಿಕ ತರಬೇತಿ ಜಿಲ್ಲಾ ಆಸ್ಪತ್ರೆಗಳಲ್ಲಿ. ತನಗೆ ಸಿಬ್ಬಂದಿ ಬೇಕಾದಾಗ ಯೋಗ್ಯವೆನಿಸಿದ ವಿಧಾನವು ಅದೇ ಸಿಬ್ಬಂದಿಗೆ ಉನ್ನತ ಪದವಿ ಬೇಕಾದಾಗ ಅಯೋಗ್ಯವಾಗುವುದು ವಿಚಿತ್ರವಾಗಿದೆ.

ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಿಂತ ಒಳ್ಳೆಯ ಉದಾಹರಣೆ. 2018ರಲ್ಲಿ ಅಲ್ಲಿ ಆರಂಭವಾದ ಡಿಜಿಟಲ್ ಅಕಾಡೆಮಿಯು ವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು ಮತ್ತು ದಾದಿಯರು ಎಂಬ ನಾಲ್ಕು ವರ್ಗದವರಿಗೆ ಅವರು ಇರುವ ಊರಿನಲ್ಲೇ, ಮಾಡುತ್ತಿರುವ ಕೆಲಸದ ಜೊತೆಯಲ್ಲೇ ಸಮುದಾಯ ಮಾನಸಿಕ ಆರೋಗ್ಯದ ಡಿಪ್ಲೊಮಾ ತರಬೇತಿಗಳನ್ನು ರೂಪಿಸಿತು. ಇಲ್ಲಿ ಶಿಷ್ಯನು ಗುರುವಿನ ಬಳಿಗೆ ರೋಗಿಯ ಸಮಸ್ಯೆಯನ್ನು ಹೊತ್ತು ಬರುತ್ತಾನೆ. ಪರದೆಯಾಚೆಯಿಂದ ಅದರ ಚರ್ಚೆ ನಡೆಯುತ್ತದೆ. ಮರುದಿನ ಅದೇ ರೋಗಿಯನ್ನು ಅವನು ಮತ್ತೆ ನೋಡುತ್ತಾನೆ. ತರಗತಿಯಲ್ಲಿ ಎರಡು ವರ್ಷ ಟಿಪ್ಪಣಿ ಬರೆದುಕೊಂಡವನಿಗೆ ಈ ಭಾಗ್ಯವಿದೆಯೇ? ಭಾರತೀಯ ಶುಶ್ರೂಷಾ ಪರಿಷತ್ತು ಜಾರಿಗೆ ತಂದ ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಪದವಿ ಆನ್‌ಲೈನ್ ಅಲ್ಲ. ಆದರೆ ಅಲ್ಲಿಯೂ ಕಲಿಕೆಯ ಬಹುಭಾಗ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ನಡೆಯುತ್ತದೆ. ಕೆಲಸದ ಸ್ಥಳವೇ ಕಾಲೇಜಾಗಬಲ್ಲುದೆಂಬುದನ್ನು ಪರಿಷತ್ತೇ ಒಪ್ಪಿಕೊಂಡಂತಾಯಿತು. ಇವೆರಡನ್ನೂ ಹೊಲಿದು ಒಂದು ಪದವಿಯಾಗಿಸುವುದಷ್ಟೇ ಉಳಿದಿದೆ. ಸಿದ್ಧಾಂತ ಮನೆಯಲ್ಲಿ, ಪ್ರಯೋಗ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ, ಪರೀಕ್ಷೆ ವಿಶ್ವವಿದ್ಯಾಲಯದಲ್ಲಿ. ಲಂಡನ್ನಿನ ಸ್ಕೂಲ್ ಆಫ್ ಹೈಜಿನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸಂಸ್ಥೆಯು 1998ರಿಂದಲೇ ದೂರದ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರ ಪದವಿ ನೀಡುತ್ತಿದೆ. ಬಿಡುವಿಲ್ಲದವರು ಅದನ್ನು ಐದು ವರ್ಷಗಳ ವರೆಗೆ ಹಂಚಿಕೊಂಡು ಮುಗಿಸಬಹುದು. (ಪೌಂಡುಗಳ ಲೆಕ್ಕದಲ್ಲಿರುವ ಅದರ ಶುಲ್ಕ ನಮ್ಮ ಮಟ್ಟಿಗೆ ಬೇರೆಯೇ ಕತೆ.)

ಸರಕಾರವನ್ನು ಇಷ್ಟು ವಿಚಾರಿಸಿದ ಬಳಿಕ ನಮ್ಮ ಮನೆಗಳನ್ನು ವಿಚಾರಿಸದೆ ಬಿಡುವುದು ಪ್ರಾಮಾಣಿಕತೆಯಲ್ಲ. ಮನೆಯಲ್ಲೇ ಕುಳಿತು ಓದಬಹುದೆಂದರೆ ಮನೆಯವರು ಸಂತೋಷದಿಂದ ಒಪ್ಪುತ್ತಾರೆ. ಹೊರಗೆ ಹೋಗಬೇಕಾಗಿಲ್ಲವಲ್ಲ! ಆದರೆ ಮನೆಯಲ್ಲಿರುವವಳು ಓದುತ್ತಿದ್ದಾಳೆಂದು ಯಾರೂ ನಂಬುವುದಿಲ್ಲ. ಕಾಲೇಜಿಗೆ ಹೋದವಳನ್ನು ನಡುವೆ ಕರೆದು ಅಕ್ಕಿ ತೊಳೆಯಲು ಹೇಳುವುದು ಸಾಧ್ಯವಿಲ್ಲ. ಕೋಣೆಯಲ್ಲಿ ಮೊಬೈಲ್ ಹಿಡಿದು ಪಾಠ ಕೇಳುತ್ತಿರುವವಳನ್ನು ಎಷ್ಟು ಸಲ ಬೇಕಾದರೂ ಕರೆಯಬಹುದು. ಎಂಟು ಗಂಟೆ ಆಸ್ಪತ್ರೆ, ನಾಲ್ಕು ಗಂಟೆ ಅಡುಗೆಮನೆ, ನಡುವೆ ಮಕ್ಕಳು, ಎಲ್ಲರೂ ಮಲಗಿದ ಮೇಲೆ ಪುಸ್ತಕ. ಇದನ್ನು ನಾವು ಅನುಕೂಲ ಎಂದು ಕರೆಯುತ್ತಿದ್ದೇವೆ. ನಾವೂ ಮದ್ರಸದ ದಿನಗಳಲ್ಲಿ ಅಂಚೆಯ ಪಾಠ ಓದಿ ಕಲಾ ಪದವಿ ಪಡೆದವರೇ. ಪರೀಕ್ಷೆ ಹತ್ತಿರವಾದಾಗ ಉಮ್ಮ ಮನೆಗೆ ಬಂದ ಅತಿಥಿಗಳನ್ನು ಕೂಡಾ ನಮ್ಮ ಕೋಣೆಯತ್ತ ಬಿಡುತ್ತಿರಲಿಲ್ಲ. ಅದೇ ಸಮಯದಲ್ಲಿ ಪರೀಕ್ಷೆ ಬರೆಯುತ್ತಿದ್ದ ನಮ್ಮ ಸಹೋದರಿ ಆ ಅತಿಥಿಗಳಿಗೆ ಚಹಾ ಮಾಡುತ್ತಿದ್ದಳು. ಈ ಸಂಗತಿ ನಮಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ.

ಇನ್ನು, ಬಾಗಿಲು ಮುಚ್ಚಿದಲ್ಲಿ ದಲ್ಲಾಳಿಗಳು ಕಿಂಡಿ ಕೊರೆಯುವುದು ವಾಡಿಕೆ. ಆರು ತಿಂಗಳಲ್ಲಿ ಪದವಿ, ಹಿಂದಿನ ದಿನಾಂಕದ ಪ್ರವೇಶ ಎಂಬ ಕರೆಗಳು ಮೊಬೈಲಿಗೆ ಬರುತ್ತವೆ. ಗಲ್ಫ್‌ನ ಆಸ್ಪತ್ರೆಗಳಲ್ಲಿ ಪ್ರಮಾಣಪತ್ರಗಳ ಸಾಚಾತನವನ್ನು ಮೂಲ ವಿಶ್ವವಿದ್ಯಾಲಯದಿಂದಲೇ ಪರಿಶೀಲಿಸಿಕೊಳ್ಳುವ ಪದ್ಧತಿಯಿದೆ. ಅಲ್ಲಿ ಸಿಕ್ಕಿಬಿದ್ದವನಿಗೆ ಕೆಲಸ ಮಾತ್ರವಲ್ಲ, ಮಾನವೂ ಹೋಗುತ್ತದೆ. ಯಾವ ವಿಶ್ವವಿದ್ಯಾಲಯಕ್ಕೆ ಯಾವ ವಿಷಯವನ್ನು ಯಾವ ಅವಧಿಯಲ್ಲಿ ದೂರಶಿಕ್ಷಣದ ಮೂಲಕ ಬೋಧಿಸಲು ಅನುಮತಿಯಿದೆಯೆಂಬ ಪಟ್ಟಿಯನ್ನು ಧನಸಹಾಯ ಆಯೋಗದ ದೂರಶಿಕ್ಷಣ ವಿಭಾಗವು ಪ್ರಕಟಿಸುತ್ತದೆ. ಶುಲ್ಕ ಕಟ್ಟುವ ಮುನ್ನ ಅದನ್ನು ನೋಡಲು ಹತ್ತು ನಿಮಿಷ ಸಾಕು. ಮಾನ್ಯತೆಯಿರುವ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಸಾಮಾನ್ಯ ಪದವಿಗಳಿಗೆ ಸಮಾನವೆಂದು ಆಯೋಗವೇ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಸಮುದಾಯದ ಟ್ರಸ್ಟುಗಳೂ ಜಮಾಅತ್ ಸಮಿತಿಗಳೂ ವರ್ಷಂಪ್ರತಿ ವಿದ್ಯಾರ್ಥಿವೇತನ ಹಂಚುತ್ತವೆ. ಪ್ರಶಂಸನೀಯ ಕೆಲಸ. ಆದರೆ ನಾವು ನೋಡಿದ ಅರ್ಜಿ ನಮೂನೆಗಳು ಬಹುತೇಕ ಒಂದೇ ಅಚ್ಚಿನಲ್ಲಿವೆ: ರೆಗ್ಯುಲರ್ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಬೇಕು, ವಯಸ್ಸು ಇಪ್ಪತ್ತೈದು ದಾಟಿರಬಾರದು, ಉದ್ಯೋಗಿಯಾಗಿರಬಾರದು. ಮೂವತ್ತೆರಡು ವರ್ಷದ, ಇಬ್ಬರು ಮಕ್ಕಳ ತಾಯಿಯಾದ, ತಿಂಗಳ ಕೊನೆಗೆ ಕೈ ಬರಿದಾಗುವ ದಾದಿಯೊಬ್ಬಳು ಈ ಮೂರು ಸಾಲುಗಳಲ್ಲಿ ಮೂರು ಬಾರಿ ತಿರಸ್ಕೃತಳಾಗುತ್ತಾಳೆ. ಆಯೋಗದ ನಿರ್ದೇಶನವನ್ನು ಬದಲಿಸಲು ದಿಲ್ಲಿಗೆ ಮನವಿ ಸಲ್ಲಿಸಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಈ ಅರ್ಜಿ ನಮೂನೆಯನ್ನು ತಿದ್ದಲು ಮುಂದಿನ ಶುಕ್ರವಾರದ ಸಮಿತಿ ಸಭೆ ಸಾಕು.