ಫ್ಲ್ಯಾಶ್ ಆಫ್ ಮಾಡಿ ಸ್ವಾಮೀ!

ಮಕ್ಕಳ ಆಟ ರಂಗೇರೋದೇ ಹೊತ್ತು ಮುಳುಗುವಾಗ. ಆಗ ಫ್ಲ್ಯಾಶ್ ಹೊಡೆದಿರೋ, ಆಟ ನಿಂತೇ ಹೋಯ್ತು. ಮಗು ಹಲ್ಲು ಕಿರಿದು ನಿಲ್ಲುತ್ತೆ, ಹಿಂದಿನ ಸಂಜೆಗೆಂಪು ಕಪ್ಪಾಗುತ್ತೆ. ಮೊಬೈಲಿನ ನೈಟ್ ಮೋಡೂ ಬೇಡ. ಅದು ಹಲವು ಫ್ರೇಮುಗಳನ್ನು ಸೇರಿಸುವಷ್ಟರಲ್ಲಿ ಓಡುವ ಮಗು ಕಲಸಿಹೋಗಿರುತ್ತೆ.

ನನ್ನ ಕೇಳಿದ್ರೆ, ಶಟರ್ 1/250 ಸೆಕೆಂಡಿಗಿಂತ ನಿಧಾನ ಆಗಕೂಡದು. ಐಎಸ್ಒ 3200, ಬೇಕಾದರೆ 6400ಕ್ಕೂ ಏರಿಸಿ. ಎಫ್/1.8 ಲೆನ್ಸ್ ಇದ್ದರೆ ಇನ್ನೂ ಒಳ್ಳೇದು, ಎಫ್/5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತೆ. ಮಂಡಿಯೂರಿ ಕೂತು, ಮಕ್ಕಳ ಕಣ್ಣಿನ ಎತ್ತರದಿಂದ ಕ್ಲಿಕ್ಕಿಸಿ.

ಫೋಟೋ ಮರಳು ಉದುರಿಸಿದ ಹಾಗೆ ಬರುತ್ತೆ ಅಂತೀರಾ? ಬರಲಿ ಬಿಡಿ... ಮರಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಮ್ಮಿ ಮಾಡಬಹುದು, ಅಲುಗಿದ ಮುಖ ಸರಿಮಾಡೋದು ಕಷ್ಟ. ಇಪ್ಪತ್ತು ವರ್ಷ ಬಿಟ್ಟು ಆ ಫೋಟೋ ನೋಡುವವರು ಹುಡುಕೋದು ಮಗುವಿನ ನಗುವನ್ನ, ಮರಳನ್ನಲ್ಲ. ಏನಂತೀರಿ?